ಕೋಬ್ರಾ ಇದ್ದೂ ಪಾರ್ಟ್ ಬಿ ಇಲ್ಲದೆ: ನ್ಯೂಜೆರ್ಸಿಯ ಒಂದು ಮೆಡಿಕೇರ್ ಪ್ರಕರಣ

2025ರ ಮೇ ತಿಂಗಳಲ್ಲಿ ನಮ್ಮ ಭಾವನಿಗೆ ಇನ್ಶೂರೆನ್ಸ್ ಕಂಪನಿಯಿಂದ ಒಂದು ಪತ್ರ ಬಂತು. ಮಾರ್ಚಿನಲ್ಲಿ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಆಗ ಡಾಕ್ಟರುಗಳಿಗೆ ಕೊಟ್ಟಿದ್ದ ಹಣದಲ್ಲಿ ಬಹುಪಾಲನ್ನು ವಾಪಸ್ ಪಡೆಯುತ್ತಿದ್ದೇವೆ ಅಂತ ಪತ್ರದಲ್ಲಿತ್ತು. ಕಾರಣ ಒಂದೇ ಸಾಲಿನಲ್ಲಿ ಮುಗಿದಿತ್ತು. ನಿಮ್ಮ ಬಿಲ್ಲುಗಳನ್ನು ಮೊದಲು ಮೆಡಿಕೇರ್ ಕಟ್ಟಬೇಕು, ಆಮೇಲೆ ನಾವು. ಮೆಡಿಕೇರ್ ಅಂದರೆ ಅಮೆರಿಕದಲ್ಲಿ ಮುಖ್ಯವಾಗಿ 65 ದಾಟಿದವರಿಗೆ ಸರ್ಕಾರ ನಡೆಸುವ ಆರೋಗ್ಯ ಇನ್ಶೂರೆನ್ಸ್.

ಭಾವ ಆ ಇನ್ಶೂರೆನ್ಸಿಗೆ, ಅಂದರೆ ಕೆಲಸ ಹೋದ ಮೇಲೂ ಸ್ವಂತ ದುಡ್ಡಿನಲ್ಲಿ ಮುಂದುವರಿಸಿದ್ದ ಹಳೆಯ ಕಂಪನಿಯ ಕೋಬ್ರಾ ಇನ್ಶೂರೆನ್ಸಿಗೆ, ಒಂದು ತಿಂಗಳೂ ತಪ್ಪದೆ ಪ್ರೀಮಿಯಂ ಕಟ್ಟಿದವರು. "ಕಟ್ಟಿಸಿಕೊಳ್ಳುವಾಗ ಇವರಿಗೆ ಮೆಡಿಕೇರ್ ನೆನಪಾಗಲಿಲ್ವಾ?" ಅಂತ ಫೋನಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಕಾನೂನು ಇನ್ಶೂರೆನ್ಸ್ ಕಂಪನಿಯ ಕಡೆಗಿತ್ತು. ಯಾಕೆ, ಆಮೇಲೆ ಏನೇನು ಸರಿಮಾಡಲು ಆಯಿತು, ಏನು ಆಗಲಿಲ್ಲ ಎಂಬುದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಕೆಲಸ ಮಾಡಿದ ಕಂಪನಿ, ಇನ್ಶೂರೆನ್ಸ್, ಆಸ್ಪತ್ರೆ ಯಾವುದರ ಹೆಸರೂ ಬೇಡ. ನಾನು ನ್ಯೂಜೆರ್ಸಿಯಲ್ಲೇ ಒಂದು ಮೂಳೆ ಡಾಕ್ಟರುಗಳ ಆಫೀಸಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಯಾವ ಇನ್ಶೂರೆನ್ಸ್ ಮೊದಲು, ಯಾವುದು ಆಮೇಲೆ ಅಂತ ವಿಂಗಡಿಸುವುದೇ ನನ್ನ ದಿನದ ಅರ್ಧ ಕೆಲಸ.

ಕಾರ್ಡಿನ ಒಂದು ಸಾಲು

ಪತ್ರದ ವಿಷಯ ಕೇಳಿದ ಕೂಡಲೇ ನಾನು ಹೇಳಿದ್ದು, "ಭಾವ, ಕಾರ್ಡಿನ ಫೋಟೋ ಕಳಿಸಿ. ಮೆಡಿಕೇರ್ ಕಾರ್ಡು, ಕೋಬ್ರಾದ್ದಲ್ಲ."

"ಅದರಲ್ಲೇನಿದೆ? ಅದು ಫ್ರೀ ಬಂದದ್ದು," ಅಂದರು. ಆದರೂ ಕಳಿಸಿದರು.

ಮೆಡಿಕೇರ್ ಕಾರ್ಡನ್ನು ನೋಡಿರದವರಿಗೆ ಹೇಳುತ್ತೇನೆ. ಕೆಂಪು, ಬಿಳಿ, ನೀಲಿ ಬಣ್ಣದ ದಪ್ಪ ಕಾಗದ. ಮೇಲೆ ಹೆಸರು, ನಡುವೆ 11 ಅಕ್ಷರ-ಅಂಕಿಗಳ ನಂಬರು. ಕೆಳಗೆ ಸಾಮಾನ್ಯವಾಗಿ ಎರಡು ಸಾಲು ಇರುತ್ತವೆ. ಆಸ್ಪತ್ರೆ, ಅಂದರೆ ಪಾರ್ಟ್ ಎ, ಯಾವತ್ತಿನಿಂದ ಎಂಬುದು ಒಂದು. ವೈದ್ಯಕೀಯ, ಅಂದರೆ ಡಾಕ್ಟರುಗಳ ಬಿಲ್ಲಿನ ಪಾರ್ಟ್ ಬಿ, ಯಾವತ್ತಿನಿಂದ ಎಂಬುದು ಇನ್ನೊಂದು. ಭಾವನ ಕಾರ್ಡಿನಲ್ಲಿ ಒಂದೇ ಸಾಲು ಇತ್ತು: ಪಾರ್ಟ್ ಎ, 2023ರ ಆಗಸ್ಟ್ 1. ಕೆಳಗಿನ ಜಾಗ ಖಾಲಿ. ಅಲ್ಲಿಗೆ ನನಗೆ ಕಥೆ ಮುಕ್ಕಾಲು ಅರ್ಥವಾಯಿತು.

ಹಿನ್ನೆಲೆ ಹೀಗಿದೆ. ಭಾವ ಶಿವಮೊಗ್ಗದವರು. 1998ರಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಬಂದರು. ಆಮೇಲೆ ಗ್ರೀನ್ ಕಾರ್ಡ್, ಆಮೇಲೆ ಪೌರತ್ವ. ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗಬೇಕಾದರೆ 40 ಕ್ವಾರ್ಟರ್, ಅಂದರೆ ಸುಮಾರು 10 ವರ್ಷ, ಇಲ್ಲಿ ತೆರಿಗೆ ಕಟ್ಟಿ ಕೆಲಸ ಮಾಡಿರಬೇಕು. ಅವರಿಗೆ ಅದರ ಎರಡು ಪಟ್ಟಿಗಿಂತ ಜಾಸ್ತಿಯೇ ಇತ್ತು. (ಇಲ್ಲೊಂದು ಮಾತು. 2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನಿನ ಪ್ರಕಾರ, ಗ್ರೀನ್ ಕಾರ್ಡಿಗೆ ಕಾಯುತ್ತಾ ಎಚ್-1ಬಿಯಲ್ಲೇ 65 ತಲುಪಿದವರಿಗೆ 40 ಕ್ವಾರ್ಟರ್ ಇದ್ದರೂ ಮೆಡಿಕೇರ್ ಸಿಗುವುದಿಲ್ಲ. ನಮ್ಮವರಲ್ಲಿ ಹಾಗೆ ಕಾಯುತ್ತಿರುವವರು ಬಹಳ ಜನ. ಇಷ್ಟು ದೊಡ್ಡ ಬದಲಾವಣೆಯ ಬಗ್ಗೆ ಯಾರೂ ಮಾತಾಡದಿರುವುದು ನನಗೆ ವಿಚಿತ್ರ ಅನಿಸುತ್ತದೆ.)

2023ರ ಆಗಸ್ಟಿನಲ್ಲಿ ಭಾವನಿಗೆ 65 ತುಂಬಿತು. ಮೆಡಿಕೇರಿಗೆ ಸೇರಲು ಮೊದಲ ಅವಕಾಶ ಒಟ್ಟು 7 ತಿಂಗಳು. ಹುಟ್ಟಿದ ತಿಂಗಳು, ಅದರ ಹಿಂದಿನ 3, ಮುಂದಿನ 3. ಅವರ ಲೆಕ್ಕದಲ್ಲಿ ಮೇ ತಿಂಗಳಿಂದ ನವೆಂಬರ್‌ವರೆಗೆ. ಆಗ ಅವರು ದೊಡ್ಡ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದರು. ಕಂಪನಿಯ ಇನ್ಶೂರೆನ್ಸ್ ಅವರಿಗೂ ಅಕ್ಕನಿಗೂ ಇತ್ತು. ಜೊತೆಯವರೊಬ್ಬರ ಮಾತು ಕೇಳಿ ಪಾರ್ಟ್ ಎ ತೆಗೆದುಕೊಂಡರು, ಹೇಗೂ ಪುಕ್ಕಟೆ. ಪಾರ್ಟ್ ಬಿಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು, ಅದನ್ನು ಬಿಟ್ಟರು.

ಇಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಂಪನಿಯಾದರೆ, ನೀವು ಕೆಲಸದಲ್ಲಿರುವವರೆಗೆ ಕಂಪನಿಯ ಇನ್ಶೂರೆನ್ಸೇ ಮೊದಲು ಕಟ್ಟುತ್ತದೆ, ಮೆಡಿಕೇರ್ ಆಮೇಲೆ. ಪಾರ್ಟ್ ಬಿ ಮುಂದಕ್ಕೆ ಹಾಕಿದರೂ ದಂಡ ಇಲ್ಲ. 20ಕ್ಕಿಂತ ಕಡಿಮೆ ಜನರಿರುವ ಕಡೆ ಲೆಕ್ಕ ತಿರುಗುಮುರುಗು. ಮೆಡಿಕೇರ್ ಮೊದಲು, ಕಂಪನಿಯದು ಆಮೇಲೆ. ನ್ಯೂಜೆರ್ಸಿಯ ಎಡಿಸನ್ ಊರಿನ ಸುತ್ತಮುತ್ತ ಏಳೆಂಟು ಜನರ ಕನ್ಸಲ್ಟಿಂಗ್ ಕಂಪನಿಗಳು ಎಷ್ಟಿಲ್ಲ? ಅಂಥ ಕಡೆ ಇರುವವರು 65ಕ್ಕೇ ಪಾರ್ಟ್ ಬಿ ತೆಗೆದುಕೊಳ್ಳಬೇಕು. ತೆಗೆದುಕೊಳ್ಳದೆ ನಮ್ಮ ಆಫೀಸಿಗೆ ಬಂದು ಪೇಚಿಗೆ ಸಿಕ್ಕವರನ್ನು ನೋಡಿದ್ದೇನೆ.

ಇನ್ನೊಂದು ವಿಷಯದಲ್ಲಿ ಭಾವ ಬಚಾವ್. ಅವರದ್ದು ಎಚ್‌ಎಸ್‌ಎ, ಅಂದರೆ ವೈದ್ಯಕೀಯ ಖರ್ಚಿಗೆ ತೆರಿಗೆ ಇಲ್ಲದೆ ಹಣ ಕೂಡಿಡುವ ಖಾತೆ, ಇರುವ ಪ್ಲಾನ್ ಆಗಿರಲಿಲ್ಲ. ಪಾರ್ಟ್ ಎ ಬಂದ ತಿಂಗಳಿಂದ ಎಚ್‌ಎಸ್‌ಎಗೆ ಒಂದು ಡಾಲರೂ ಹಾಕುವಂತಿಲ್ಲ. 65 ದಾಟಿ ತಡವಾಗಿ ಪಾರ್ಟ್ ಎಗೆ ಅರ್ಜಿ ಹಾಕಿದರೆ ಅದು 6 ತಿಂಗಳವರೆಗೆ ಹಿಂದಕ್ಕೆ ಹೋಗಿ ಶುರುವಾಗುತ್ತದೆ. ಆ ತಿಂಗಳುಗಳಲ್ಲಿ ಹಾಕಿದ ಹಣಕ್ಕೆ ಆಮೇಲೆ ತೆರಿಗೆಯ ತಕರಾರು. "ಪುಕ್ಕಟೆ ಅಲ್ವಾ, ತಗೊಂಡುಬಿಡಿ" ಅಂತ ಪಾರ್ಟ್ ಎ ಬಗ್ಗೆ ಎಲ್ಲರಿಗೂ ಹೇಳುವವರು ಇದನ್ನು ಕೇಳಿಸಿಕೊಳ್ಳಬೇಕು.

ಎಂಟು ತಿಂಗಳು

2024ರ ಜನವರಿ 31ಕ್ಕೆ ಭಾವನ ಕೆಲಸ ಹೋಯಿತು. ಫೆಬ್ರವರಿ 1ರಿಂದ ಕೋಬ್ರಾ ತೆಗೆದುಕೊಂಡರು. ಕೋಬ್ರಾ ಅಂದರೆ ಕೆಲಸ ಬಿಟ್ಟ ಮೇಲೂ ಅದೇ ಕಂಪನಿಯ ಇನ್ಶೂರೆನ್ಸನ್ನು ಸ್ವಂತ ದುಡ್ಡಿನಲ್ಲಿ ಮುಂದುವರಿಸುವುದು. ಕಂಪನಿ ಕಟ್ಟುತ್ತಿದ್ದ ಪಾಲೂ ನಿಮ್ಮದೇ, ಮೇಲೆ ಶೇಕಡ 2 ಬೇರೆ. ಸಾಮಾನ್ಯವಾಗಿ 18 ತಿಂಗಳು ಸಿಗುತ್ತದೆ. ಭಾವನ ಲೆಕ್ಕದಲ್ಲಿ 2025ರ ಜುಲೈ 31ರವರೆಗೆ.

ಕಾರ್ಡು ಅದೇ, ಡಾಕ್ಟರುಗಳೂ ಅವರೇ. ಏನೂ ಬದಲಾಗಿಲ್ಲ ಅನ್ನಿಸುವುದು ಸಹಜ. ಆದರೆ ಮೆಡಿಕೇರ್ ಕೇಳುವ ಪ್ರಶ್ನೆ ಬೇರೆಯೇ. ನಿಮಗೆ ಇನ್ಶೂರೆನ್ಸ್ ಇದೆಯಾ ಅಂತ ಅದು ಕೇಳುವುದಿಲ್ಲ. ನೀವೋ ನಿಮ್ಮ ಗಂಡ ಅಥವಾ ಹೆಂಡತಿಯೋ ಈಗ ಕೆಲಸದಲ್ಲಿದ್ದು, ಆ ಕೆಲಸದಿಂದ ಬಂದ ಇನ್ಶೂರೆನ್ಸಾ ಅಂತ ಕೇಳುತ್ತದೆ. ಕೋಬ್ರಾ ಆದರೆ ಉತ್ತರ "ಅಲ್ಲ". ನಿವೃತ್ತರಿಗೆ ಕೆಲವು ಕಂಪನಿಗಳು ಕೊಡುವ ಇನ್ಶೂರೆನ್ಸಿಗೂ ಅದೇ ಉತ್ತರ. ಈ ಪ್ರಕರಣ ಪೂರ್ತಿ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಕೆಲಸವೋ ಕಂಪನಿಯ ಇನ್ಶೂರೆನ್ಸೋ, ಯಾವುದು ಮೊದಲು ಮುಗಿಯುತ್ತದೋ ಅದರ ಮುಂದಿನ ತಿಂಗಳಿಂದ 8 ತಿಂಗಳೊಳಗೆ ಪಾರ್ಟ್ ಬಿ ತೆಗೆದುಕೊಳ್ಳಬಹುದು. ಕೋಬ್ರಾ ಇದ್ದರೂ ಈ ಗಡಿಯಾರ ನಿಲ್ಲುವುದಿಲ್ಲ. ಭಾವನಿಗೆ ಅದು 2024ರ ಸೆಪ್ಟೆಂಬರ್ 30ಕ್ಕೆ ಮುಗಿದುಹೋಗಿತ್ತು. ಅವರಿಗೆ ಗೊತ್ತೇ ಇರಲಿಲ್ಲ.

ಗೊತ್ತಿರಲಿಲ್ಲ ಅಂದರೆ ಅವರು ವಿಚಾರಿಸಿರಲಿಲ್ಲ ಅಂತಲ್ಲ. ಕೆಲಸ ಹೋದ ವಾರವೇ ಕಂಪನಿಯ ಎಚ್‌ಆರ್ ವಿಭಾಗಕ್ಕೆ ಇಮೇಲ್ ಬರೆದು ಪಾರ್ಟ್ ಬಿ ಬೇಕಾ ಅಂತ ಕೇಳಿದ್ದರು. ಕೋಬ್ರಾ ಅದೇ ಗ್ರೂಪ್ ಪ್ಲಾನಿನ ಮುಂದುವರಿಕೆ, ಅದು ಮುಗಿಯುವವರೆಗೆ ಪಾರ್ಟ್ ಬಿ ತಡಮಾಡಬಹುದು ಅಂತ ಉತ್ತರ ಬಂದಿತ್ತು. ಪೂರ್ತಿ ತಪ್ಪು ಉತ್ತರ. ಭಾವ ನಂಬಿದರು. ಎಚ್‌ಆರ್ ಹೇಳಿದ್ದನ್ನು ನಂಬದೆ ಇನ್ಯಾರನ್ನು ನಂಬಬೇಕು, ಅಲ್ವಾ?

ಆಸ್ಪತ್ರೆ ಮತ್ತು ಎರಡು ರೀತಿಯ ಬಿಲ್ಲು

2025ರ ಮಾರ್ಚಿನಲ್ಲಿ ಬೆಳಗಿನ ಜಾವ ಎದೆನೋವು. ಎಮರ್ಜೆನ್ಸಿಗೆ ಹೋದರು, ಅಂದೇ ಸ್ಟೆಂಟ್ ಹಾಕಿದರು, ಮೂರನೆಯ ದಿನ ಮನೆಗೆ ಕಳಿಸಿದರು.

ಭರ್ತಿ ಮಾಡಿಕೊಳ್ಳುವಾಗ ಆಸ್ಪತ್ರೆಯವರು ಮೆಡಿಕೇರ್ ಇರುವವರಿಗೆಲ್ಲ ಕೆಲವು ಪ್ರಶ್ನೆ ಕೇಳಬೇಕು. ಈಗ ಕೆಲಸದಲ್ಲಿದ್ದೀರಾ? ನಿಮ್ಮ ಹೆಂಡತಿ ಕೆಲಸದಲ್ಲಿದ್ದಾರಾ? ಕಂಪನಿಯಲ್ಲಿ ಎಷ್ಟು ಜನ? ಯಾರು ಮೊದಲು ಕಟ್ಟಬೇಕು ಎಂಬುದು ಈ ಉತ್ತರಗಳಿಂದಲೇ ತೀರ್ಮಾನ ಆಗುವುದು. ಆ ಹೊತ್ತಿನಲ್ಲಿ ಅಕ್ಕ ಕೈಗೆ ಸಿಕ್ಕ ಇನ್ಶೂರೆನ್ಸ್ ಕಾರ್ಡನ್ನು ಕೊಟ್ಟಳು, "ಕಂಪನಿಯದು" ಅಂದಳು. ಕೌಂಟರಿನವರು ಅದನ್ನೇ ಮೊದಲನೆಯದು ಅಂತ ಹಾಕಿಕೊಂಡರು. ಯಾರನ್ನೂ ದೂರುವ ಹಾಗಿಲ್ಲ. ಗಂಡ ಒಳಗೆ ಮಲಗಿರುವಾಗ ಯಾರು ತಾನೇ ಫಾರಂ ಓದುತ್ತಾರೆ.

ಕೋಬ್ರಾ ಇನ್ಶೂರೆನ್ಸ್ ಮೊದಮೊದಲು ಎಲ್ಲವನ್ನೂ ಕಟ್ಟಿತು. ಆದರೆ ಇನ್ಶೂರೆನ್ಸ್ ಕಂಪನಿಗಳು ತಮ್ಮಲ್ಲಿ ಯಾರಿಗೆ ಮೆಡಿಕೇರ್ ಇದೆ ಎಂಬ ಮಾಹಿತಿಯನ್ನು ಸರ್ಕಾರದ ಜೊತೆ ಆಗಾಗ ತಾಳೆ ನೋಡಲೇಬೇಕು. ಹಾಗೆ ಹೋಲಿಸಿದಾಗ ಭಾವನ ಹೆಸರು ಸಿಕ್ಕಿತು. ಆಗ ಬಂದದ್ದೇ ಮೇ ತಿಂಗಳ ಪತ್ರ.

ನಾನು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಭಾವನ ಜೊತೆಗೂಡಿ ಫೋನ್ ಮಾಡಿದೆ. ನನಗೆ ಮುಖ್ಯವಾಗಿ ಬೇಕಿದ್ದ ಮಾಹಿತಿ ಒಂದು. ಅವರನ್ನು ಇನ್‌ಪೇಷಂಟ್ (ಒಳರೋಗಿ) ಅಂತ ಭರ್ತಿ ಮಾಡಿದ್ದರಾ, ಬರೀ ಅಬ್ಸರ್ವೇಷನ್‌ನಲ್ಲಿ (ನಿಗಾದಲ್ಲಿ) ಇಟ್ಟಿದ್ದರಾ? ಮಲಗುವ ಹಾಸಿಗೆ ಅದೇ, ಊಟ ಅದೇ, ನರ್ಸೂ ಅವರೇ. ಆದರೆ ಡಾಕ್ಟರು ಇನ್‌ಪೇಷಂಟ್ ಅಂತ ಬರೆದರೆ ಮಾತ್ರ ಆಸ್ಪತ್ರೆಯ ಬಿಲ್ಲು ಪಾರ್ಟ್ ಎ ಅಡಿ ಬರುತ್ತದೆ. ಅಬ್ಸರ್ವೇಷನ್ ಆದರೆ ಅದು ಪಾರ್ಟ್ ಬಿ ಲೆಕ್ಕ. ಭಾವನಿಗೆ ಪಾರ್ಟ್ ಬಿ ಇರಲಿಲ್ಲ. ಆ ಒಂದು ಪದದ ಮೇಲೆ ಹತ್ತಾರು ಸಾವಿರ ಡಾಲರ್ ನಿಂತಿತ್ತು. ಪುಣ್ಯಕ್ಕೆ ಇನ್‌ಪೇಷಂಟ್ ಅಂತಲೇ ಇತ್ತು.

ಹಾಗಾಗಿ ಆಸ್ಪತ್ರೆಯ ಬಿಲ್ಲು ನೆಟ್ಟಗಾಯಿತು. ಚಿಕಿತ್ಸೆ ಆದ ದಿನದಿಂದ ಒಂದು ವರ್ಷದೊಳಗೆ ಮೆಡಿಕೇರಿಗೆ ಬಿಲ್ಲು ಕಳಿಸಬಹುದು. ಆಸ್ಪತ್ರೆ ಹೊಸದಾಗಿ ಪಾರ್ಟ್ ಎಗೆ ಕಳಿಸಿತು. ಪಾರ್ಟ್ ಎಯಲ್ಲಿ ರೋಗಿ ಮೊದಲು ಕಟ್ಟಬೇಕಾದ ಡಿಡಕ್ಟಬಲ್ 2025ರಲ್ಲಿ 1,676 ಡಾಲರ್. ಅದನ್ನು ಎರಡನೆಯ ಸ್ಥಾನದಲ್ಲಿದ್ದ ಕೋಬ್ರಾ ಕೊಟ್ಟಿತು. ಎರಡು ಇನ್ಶೂರೆನ್ಸ್ ಸರಿಯಾದ ಸಾಲಿನಲ್ಲಿ ನಿಂತರೆ ಹೀಗೆ ಕೈಯಿಂದ ಏನೂ ಹೋಗುವುದಿಲ್ಲ.

ಡಾಕ್ಟರುಗಳ ಬಿಲ್ಲಿನ ಕಥೆ ಬೇರೆ. ಹೃದಯದ ಡಾಕ್ಟರು, ಎಮರ್ಜೆನ್ಸಿ ಡಾಕ್ಟರು, ಆಮೇಲಿನ ಎಕೋ ಪರೀಕ್ಷೆ, ಹೃದಯದ ವ್ಯಾಯಾಮ ತರಬೇತಿ, ಇವೆಲ್ಲ ಪಾರ್ಟ್ ಬಿ. ಅದು ಇಲ್ಲ. ಆದರೂ ಕೋಬ್ರಾ ಪ್ಲಾನು ಅದು ಇದೆ ಎಂಬಂತೆಯೇ ಲೆಕ್ಕ ಹಾಕಿತು. ಪಾರ್ಟ್ ಬಿ ಇದ್ದಿದ್ದರೆ ಶೇಕಡ 80 ಕಟ್ಟುತ್ತಿತ್ತು, ಉಳಿದದ್ದಷ್ಟೇ ನಮ್ಮ ಪಾಲು ಅಂತ. ಆ ಶೇಕಡ 80 ಯಾರೂ ಕಟ್ಟದೆ ಭಾವನ ತಲೆಗೆ ಬಂತು. ಒಟ್ಟು ಆರು ಸಾವಿರ ಡಾಲರ್ ಚಿಲ್ಲರೆ. ಪೂರ್ತಿ ಪ್ರೀಮಿಯಂ ಕಟ್ಟಿ ಅವರು ಕೊಂಡಿದ್ದದ್ದು ಐದನೇ ಒಂದು ಭಾಗದ ಇನ್ಶೂರೆನ್ಸ್.

ಇದಕ್ಕೆ ಮೇಲ್ಮನವಿ ಹಾಕಿದೆವು. ಗೆಲುವು ಪ್ಲಾನಿನ ನಿಯಮ ಪುಸ್ತಕದ ಮಾತಿನ ಮೇಲೆ ನಿಂತಿರುತ್ತದೆ. ಮೆಡಿಕೇರ್‌ಗೆ ಸೇರಿದವರಿಗೆ ನಾವು ಎರಡನೆಯವರು ಅಂತ ಬರೆದಿದ್ದರೆ, ಭಾವ ಪಾರ್ಟ್ ಬಿಗೆ ಸೇರಿರಲಿಲ್ಲವಲ್ಲ ಅಂತ ವಾದಿಸಬಹುದಿತ್ತು. ಅವರ ಪುಸ್ತಕದಲ್ಲಿ ಅರ್ಹರಾದವರಿಗೆ, ಸೇರಿರಲಿ ಬಿಡಲಿ, ಅಂತ ಸ್ಪಷ್ಟವಾಗಿತ್ತು. ಸೋತೆವು. ಕೋಬ್ರಾ ತೆಗೆದುಕೊಳ್ಳುವ 65 ದಾಟಿದವರು ಬೇರೇನು ಓದದಿದ್ದರೂ ಆ ಪುಸ್ತಕದ ಮೆಡಿಕೇರ್ ಪುಟ ಓದಬೇಕು.

ಬಾಗಿಲು ತೆರೆದದ್ದು

ಹಳೆಯ ಬಿಲ್ಲಿಗಿಂತ ದೊಡ್ಡ ಚಿಂತೆ ಮುಂದಿನದು. ಜುಲೈ 31ಕ್ಕೆ ಕೋಬ್ರಾ ಮುಗಿಯುತ್ತದೆ. 8 ತಿಂಗಳು ತಪ್ಪಿದವರಿಗೆ ಉಳಿಯುವ ಮಾಮೂಲಿ ದಾರಿ ಪ್ರತಿ ವರ್ಷ ಜನವರಿ 1ರಿಂದ ಮಾರ್ಚ್ 31ರವರೆಗಿನ ಸಾಮಾನ್ಯ ಸೇರ್ಪಡೆ. ಅರ್ಜಿ ಹಾಕಿದ ಮುಂದಿನ ತಿಂಗಳಿಂದ ಪಾರ್ಟ್ ಬಿ. ಅಂದರೆ ಬೇಗ ಅಂದರೂ 2026ರ ಫೆಬ್ರವರಿ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಆಗಸ್ಟಿನಿಂದ ಜನವರಿವರೆಗೆ ಡಾಕ್ಟರ ಬಿಲ್ಲಿಗೆ ಯಾವ ಇನ್ಶೂರೆನ್ಸೂ ಇಲ್ಲದೆ ಇರಬೇಕು. ಒಬಾಮಾ ಕಾಲದ ಕಾನೂನಿನಡಿ ಜನ ನೇರವಾಗಿ ಕೊಳ್ಳುವ ಮಾರ್ಕೆಟ್‌ಪ್ಲೇಸ್ ಪ್ಲಾನ್ ಕೊಳ್ಳೋಣ ಅಂದರೆ, ಮೆಡಿಕೇರ್ ಇದೆ ಅಂತ ಗೊತ್ತಿದ್ದೂ ಒಬ್ಬರಿಗೆ ಅದನ್ನು ಮಾರುವುದು ಕಾನೂನಿಗೆ ವಿರುದ್ಧ. ಪಾರ್ಟ್ ಎ ಮಾತ್ರ ಇದ್ದರೂ ಅಷ್ಟೇ.

ಜೊತೆಗೆ ದಂಡ. ತಡವಾದ ಪ್ರತಿ ಪೂರ್ತಿ 12 ತಿಂಗಳಿಗೆ ಪ್ರೀಮಿಯಂ ಮೇಲೆ ಶೇಕಡ 10. 2024ರ ಫೆಬ್ರವರಿಯಿಂದ ಎಣಿಸಿದರೆ ಎರಡು ವರ್ಷ, ಶೇಕಡ 20. 2026ರಲ್ಲಿ ಪಾರ್ಟ್ ಬಿ ಪ್ರೀಮಿಯಂ ತಿಂಗಳಿಗೆ 202.90 ಡಾಲರ್. ಅದರ ಮೇಲೆ 40 ಡಾಲರ್ ಚಿಲ್ಲರೆ, ಪಾರ್ಟ್ ಬಿ ಇರುವಷ್ಟು ಕಾಲ. ಪ್ರೀಮಿಯಂ ಏರಿದ ಹಾಗೆ ದಂಡವೂ ಏರುತ್ತದೆ.

ಇಲ್ಲಿ ಆ ಇಮೇಲ್ ಕೆಲಸಕ್ಕೆ ಬಂತು. 2023ರ ಜನವರಿಯಿಂದ ಮೆಡಿಕೇರ್‌ನಲ್ಲಿ ಕೆಲವು ವಿಶೇಷ ಸೇರ್ಪಡೆ ಅವಕಾಶಗಳು ಬಂದಿವೆ. ನೆರೆ, ಬೆಂಕಿಯಂಥ ವಿಕೋಪಕ್ಕೆ ಸಿಕ್ಕವರಿಗೆ ಒಂದು, ಜೈಲಿನಿಂದ ಬಿಡುಗಡೆ ಆದವರಿಗೆ ಒಂದು, ಹೀಗೆ. ಅದರಲ್ಲೇ ಒಂದು, ಕೆಲಸದ ಕಂಪನಿ ಅಥವಾ ಇನ್ಶೂರೆನ್ಸ್ ಪ್ಲಾನು ತಪ್ಪು ಮಾಹಿತಿ ಕೊಟ್ಟದ್ದರಿಂದ ಸೇರದೆ ಉಳಿದವರಿಗೆ. ತಿಳಿಸದೆ ಇದ್ದರು ಅಂದರೆ ಸಾಲದು, ತಪ್ಪು ತಿಳಿಸಿರಬೇಕು. ಭಾವನ ಹತ್ತಿರ ತಪ್ಪು ತಿಳಿಸಿದ್ದು ಬರಹದಲ್ಲೇ ಇತ್ತು. ಅದೂ ಅವರ ಸ್ವಂತ ಇಮೇಲ್ ಖಾತೆಯಲ್ಲಿ. ಆಫೀಸಿನ ಖಾತೆಯಿಂದ ಕೇಳಿದ್ದರೆ ಕೆಲಸದ ಜೊತೆಗೆ ಸಾಕ್ಷಿಯೂ ಹೋಗಿರುತ್ತಿತ್ತು.

ಸಿಎಂಎಸ್-10797 ಎಂಬ ಫಾರಂ ತುಂಬಿ, ಇಮೇಲ್ ಪ್ರಿಂಟ್ ಲಗತ್ತಿಸಿ, ಜೂನ್‌ನಲ್ಲಿ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ಹೋದೆವು. ಮೆಡಿಕೇರ್ ಸೇರ್ಪಡೆ ನೋಡಿಕೊಳ್ಳುವುದು ಅವರೇ. ಕಿಟಕಿಯ ಹಿಂದಿದ್ದ ಹುಡುಗಿ ಮೊದಲು ಮಾಮೂಲಿ ಫಾರಂ ಮುಂದಿಟ್ಟು, "ಜನವರಿಯಲ್ಲಿ ಬನ್ನಿ" ಅಂದಳು. ನಾವು ಫಾರಂ ನಂಬರನ್ನೇ ಮತ್ತೆ ಮತ್ತೆ ಹೇಳಿದೆವು. ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು ತೆಗೆದುಕೊಂಡಳು, ಸ್ವೀಕರಿಸಿದ ಮೊಹರು ಹಾಕಿದ ಪ್ರತಿ ಕೊಟ್ಟಳು. ಉತ್ತರ ಬಂದದ್ದು ಆಗಸ್ಟಿನಲ್ಲಿ: ಜುಲೈ 1ರಿಂದ ಅನ್ವಯವಾಗುವಂತೆ ಪಾರ್ಟ್ ಬಿ, ದಂಡ ಇಲ್ಲ.

ಮಾರ್ಚಿನ ಬಿಲ್ಲಿಗೆ ಇದರಿಂದ ಉಪಯೋಗ ಇಲ್ಲ, ಈ ಪಾರ್ಟ್ ಬಿ ಹಿಂದಕ್ಕೆ ಹೋಗುವುದಿಲ್ಲ. ಸರ್ಕಾರಿ ನೌಕರರೇ ತಪ್ಪು ಹೇಳಿದ್ದರೆ ಹಿಂದಿನ ದಿನಾಂಕದಿಂದ ಕೊಡುವ ದಾರಿ ಬೇರೆ ಇದೆ. ಇಲ್ಲಿ ತಪ್ಪು ಹೇಳಿದ್ದು ಖಾಸಗಿ ಕಂಪನಿ.

ಪತ್ರದ ಜೊತೆ ಇನ್ನೊಂದು ಆಘಾತವೂ ಇತ್ತು. 2025ರ ಮಾಮೂಲಿ ಪ್ರೀಮಿಯಂ 185 ಡಾಲರ್. ಭಾವನಿಗೆ 259 ಕೇಳಿದ್ದರು. ಆದಾಯ ಜಾಸ್ತಿ ಇರುವವರಿಗೆ ಜಾಸ್ತಿ ಪ್ರೀಮಿಯಂ, ಮತ್ತು ಅದಕ್ಕೆ ನೋಡುವುದು ಎರಡು ವರ್ಷದ ಹಿಂದಿನ ತೆರಿಗೆ ಲೆಕ್ಕ. 2023ರಲ್ಲಿ ಅವರು ಪೂರ್ತಿ ಸಂಬಳದಲ್ಲಿದ್ದರು. ಗಂಡ ಹೆಂಡತಿ ಸೇರಿ 2,12,000 ಡಾಲರ್ ಗಡಿ ದಾಟಿತ್ತು. ಇದು ಸುಲಭಕ್ಕೆ ಬಗೆಹರಿಯಿತು. ಕೆಲಸ ಹೋಗಿದೆ ಅಂತ ಎಸ್‌ಎಸ್‌ಎ-44 ಫಾರಂ ಕೊಟ್ಟರೆ ಈಗಿನ ಆದಾಯ ನೋಡುತ್ತಾರೆ. 185ಕ್ಕೆ ಇಳಿಸಿದರು.

ಅಕ್ಕನ ಲೆಕ್ಕ

ಈ ಗಲಾಟೆಯಲ್ಲಿ ಎಲ್ಲರೂ ಅಕ್ಕನನ್ನು ಮರೆತಿದ್ದರು. ಅವಳು ಹುಟ್ಟಿದ್ದು 1962ರ ಏಪ್ರಿಲ್. ಮೆಡಿಕೇರಿಗೆ ಇನ್ನೂ ಸಮಯ ಇದೆ. ಅವಳ ಕೋಬ್ರಾವೂ ಜುಲೈ 31ಕ್ಕೆ ಮುಗಿಯುತ್ತದೆ ಅಂತ ನೋಟಿಸು ಬಂದಿತ್ತು.

ಆದರೆ ಕೋಬ್ರಾದಲ್ಲಿ ಒಂದು ಮೂಲೆಯ ನಿಯಮ ಇದೆ. ಉದ್ಯೋಗಿ ಕೆಲಸ ಬಿಡುವ ಮುಂಚಿನ 18 ತಿಂಗಳೊಳಗೆ ಮೆಡಿಕೇರ್ ಪಡೆದಿದ್ದರೆ, ಅವರ ಗಂಡ ಅಥವಾ ಹೆಂಡತಿಗೆ ಕೋಬ್ರಾ ಆ ಮೆಡಿಕೇರ್ ದಿನಾಂಕದಿಂದ 36 ತಿಂಗಳವರೆಗೆ ಸಿಗುತ್ತದೆ. ಭಾವನಿಗೆ ಪಾರ್ಟ್ ಎ ಬಂದದ್ದು 2023ರ ಆಗಸ್ಟ್ 1, ಕೆಲಸ ಹೋದದ್ದು ಅದಾದ 6 ತಿಂಗಳಿಗೆ. ಹಾಗಾಗಿ ಅಕ್ಕನಿಗೆ 2026ರ ಜುಲೈ 31ರವರೆಗೆ ಹಕ್ಕಿತ್ತು, ಪೂರ್ತಿ ಒಂದು ವರ್ಷ ಜಾಸ್ತಿ. ಕಾರ್ಡಿನ ಆ ಒಂಟಿ ಸಾಲು ಇಲ್ಲಿ ಉಪಕಾರಕ್ಕೆ ಬಂತು.

ಕೋಬ್ರಾ ನೋಡಿಕೊಳ್ಳುವ ಏಜೆನ್ಸಿಗೆ ಕಾರ್ಡಿನ ಪ್ರತಿ ಇಟ್ಟು ಪತ್ರ ಬರೆದೆವು. ಫೋನಿನಲ್ಲಿ ಇಬ್ಬರು ಅಂಥ ನಿಯಮವೇ ಇಲ್ಲ ಅಂದರು. ಬರಹದಲ್ಲಿ ಕೇಳಿದಾಗ ಒಪ್ಪಿಕೊಂಡರು. ಬರಹಕ್ಕೆ ಇರುವ ಬೆಲೆ ಈ ದೇಶದಲ್ಲಿ ಫೋನಿಗಿಲ್ಲ.

ಯಾವ ಪ್ಲಾನು

ಪಾರ್ಟ್ ಎ, ಬಿ ಎರಡೂ ಬಂದ ಮೇಲೆ ಮುಂದಿನ ಪ್ರಶ್ನೆ. ಮೂಲ ಮೆಡಿಕೇರ್‌ನಲ್ಲಿ ಡಾಕ್ಟರ ಬಿಲ್ಲಿನ ಶೇಕಡ 20 ನಮ್ಮದು, ಅದಕ್ಕೆ ಮಿತಿಯೇ ಇಲ್ಲ. ಆ ಭಾಗ ತುಂಬಲು ಮೆಡಿಗ್ಯಾಪ್ ಎಂಬ ಖಾಸಗಿ ಪೂರಕ ಇನ್ಶೂರೆನ್ಸ್ ಕೊಳ್ಳಬಹುದು. ಅಥವಾ ಎಲ್ಲವನ್ನೂ ಖಾಸಗಿ ಕಂಪನಿಯ ಕೈಗೆ ಕೊಡುವ ಮೆಡಿಕೇರ್ ಅಡ್ವಾಂಟೇಜ್‌ಗೆ ಹೋಗಬಹುದು. ಪ್ರೀಮಿಯಂ ಸೊನ್ನೆ, ಹಲ್ಲು, ಕಣ್ಣು, ಜಿಮ್ ಎಲ್ಲ ಸೇರಿ ಅಂತ ಜಾಹೀರಾತು. ಭಾವನ ವಾಕಿಂಗ್ ಗೆಳೆಯರೆಲ್ಲ ಅಡ್ವಾಂಟೇಜ್ ಕಡೆಯವರು. "ನಾವೆಲ್ಲ ಆರಾಮಾಗಿಲ್ವಾ?" ಅಂತ ಅವರ ವಾದ.

ಅವರು ಆರಾಮಾಗಿದ್ದಾರೆ, ಸುಳ್ಳಲ್ಲ. ಅವರ ಹೃದಯವೂ ಆರಾಮಾಗಿದೆ. ಭಾವನ ಸ್ಥಿತಿ ಬೇರೆ. ಅಡ್ವಾಂಟೇಜ್‌ನಲ್ಲಿ ಡಾಕ್ಟರು ಪ್ಲಾನಿನ ಪಟ್ಟಿಯಲ್ಲಿರಬೇಕು, ದೊಡ್ಡ ಪರೀಕ್ಷೆಗೆ ಮುಂಚೆ ಪ್ಲಾನಿನ ಅನುಮತಿ ಬೇಕು. ಬಿಲ್ಲಿಂಗ್ ಮೇಜಿನ ಈ ಕಡೆ ಕೂತು ನನಗೆ ಆ ಅನುಮತಿಗಳ ಬಗ್ಗೆ ಒಳ್ಳೆಯ ಅಭಿಪ್ರಾಯ ಉಳಿದಿಲ್ಲ. ಗೆಳೆಯರು ಹೇಳುತ್ತಿದ್ದ ಎರಡು ಪ್ಲಾನುಗಳಲ್ಲೂ ಭಾವನ ಹೃದಯದ ಡಾಕ್ಟರು ಇರಲಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಗಡುವು. 65 ದಾಟಿ ಪಾರ್ಟ್ ಬಿ ಶುರುವಾದ ದಿನದಿಂದ 6 ತಿಂಗಳು ಯಾವ ಮೆಡಿಗ್ಯಾಪ್ ಕಂಪನಿಯೂ ಕಾಯಿಲೆ ನೋಡಿ ಇಲ್ಲ ಅನ್ನುವಂತಿಲ್ಲ, ರೇಟು ಏರಿಸುವಂತಿಲ್ಲ. ಭಾವನಿಗೆ ಅದು 2025ರ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಆಮೇಲೆ ಸ್ಟೆಂಟ್ ಇರುವವರನ್ನು ನ್ಯೂಜೆರ್ಸಿಯಲ್ಲಿ ಕಂಪನಿಗಳು ಬೇಡ ಅನ್ನಬಹುದು. ಹಡ್ಸನ್ ನದಿಯ ಆಚೆ ನ್ಯೂಯಾರ್ಕಿನಲ್ಲಿದ್ದರೆ ವರ್ಷವಿಡೀ ಕೊಳ್ಳಬಹುದಿತ್ತು, ಅಲ್ಲಿನ ಕಾನೂನು ಬೇರೆ. 65ಕ್ಕೆ ನೇರ ಅಡ್ವಾಂಟೇಜ್ ಸೇರಿದವರಿಗೆ ಒಂದು ವರ್ಷದೊಳಗೆ ಹಿಂದಿರುಗಿ ಮೆಡಿಗ್ಯಾಪ್ ಕೊಳ್ಳುವ ಹಕ್ಕಿದೆ. 66 ದಾಟಿ ಪಾರ್ಟ್ ಬಿಗೆ ಬಂದ ಭಾವನಿಗೆ ಆ ಹಕ್ಕೂ ಇರಲಿಲ್ಲ. ಮೆಡಿಗ್ಯಾಪ್‌ನಿಂದ ಆಮೇಲೆ ಅಡ್ವಾಂಟೇಜ್‌ಗೆ ಹೋಗುವುದು ಸಲೀಸು. ಈ ಕಡೆ ಬರುವುದೇ ಕಷ್ಟ.

ಅವರು ಮೆಡಿಗ್ಯಾಪ್ ಪ್ಲಾನ್ ಜಿ ತೆಗೆದುಕೊಂಡರು. ಪಾರ್ಟ್ ಬಿಯ ವರ್ಷದ ಡಿಡಕ್ಟಬಲ್, 2025ರಲ್ಲಿ 257 ಡಾಲರ್, ಅಷ್ಟು ಬಿಟ್ಟರೆ ಮೆಡಿಕೇರ್ ಒಪ್ಪಿದ ಬಿಲ್ಲುಗಳಲ್ಲಿ ಅವರ ಪಾಲನ್ನೆಲ್ಲ ಅದು ತುಂಬುತ್ತದೆ. ಪ್ಲಾನ್ ಜಿ ಅಂದರೆ ಯಾವ ಕಂಪನಿಯದ್ದಾದರೂ ಒಳಗಿರುವುದು ಒಂದೇ, ಬೆಲೆ ಮಾತ್ರ ಬೇರೆ. ಹಾಗಾಗಿ ಬೆಲೆ ಮತ್ತು ಹಿಂದಿನ ವರ್ಷಗಳಲ್ಲಿ ಎಷ್ಟು ಏರಿಸಿದ್ದಾರೆ ಎಂಬುದನ್ನಷ್ಟೇ ನೋಡಿದೆವು. ನ್ಯೂಜೆರ್ಸಿಯ ಶಿಪ್ ಎಂಬ ಉಚಿತ ಸಲಹಾ ಸೇವೆಯವರ ಹತ್ತಿರವೂ ಕೂತು ಬಂದೆವು. ಇದು ಪ್ರತಿ ರಾಜ್ಯದಲ್ಲೂ ಇದೆ. ಅವರಿಗೆ ಯಾವ ಪ್ಲಾನ್ ಮಾರಿದರೂ ಕಮಿಷನ್ ಇಲ್ಲ, ಅದೇ ದೊಡ್ಡ ನೆಮ್ಮದಿ.

ಊರಿನ ವಿಷಯ ಕೂಡ ಇತ್ತು. ಇಬ್ಬರೂ ಪ್ರತಿ ಚಳಿಗಾಲ ಶಿವಮೊಗ್ಗಕ್ಕೆ ಹೋಗುತ್ತಾರೆ. ಮೆಡಿಕೇರ್ ಭಾರತದಲ್ಲಿ ನಡೆಯುವುದಿಲ್ಲ. ಪ್ಲಾನ್ ಜಿಯಲ್ಲಿ ವಿದೇಶದ ತುರ್ತು ಚಿಕಿತ್ಸೆಗೆ 250 ಡಾಲರ್ ಕಳೆದು ಶೇಕಡ 80 ಸಿಗುತ್ತದೆ. ಆದರೆ ಪ್ರವಾಸದ ಮೊದಲ 60 ದಿನಕ್ಕೆ ಮಾತ್ರ, ಇಡೀ ಜೀವಮಾನಕ್ಕೆ 50,000 ಡಾಲರ್ ಮಿತಿ. ಭಾವ ಇರುವುದು ಮೂರು ತಿಂಗಳು. ಅದಕ್ಕೆ ಬೇರೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದರು, ಹಳೆಯ ಕಾಯಿಲೆಗೂ ಕೊಡುತ್ತಾರಾ ಅಂತ ಮೊದಲೇ ಕೇಳಿಕೊಂಡು. ಊರಿಗೆ ಹೋದಾಗ ಪಾರ್ಟ್ ಬಿ ಪ್ರೀಮಿಯಂ ಬಿಲ್ಲು ಟಪಾಲಿನಲ್ಲಿ ಬಂದು ಬಿದ್ದಿದ್ದರೆ ಯಾರೂ ಕಟ್ಟುವವರಿಲ್ಲ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಇನ್ನೂ ಶುರುಮಾಡಿಲ್ಲದ್ದರಿಂದ ಅದರಲ್ಲಿ ಮುರಿದುಕೊಳ್ಳುವ ಹಾಗೂ ಇಲ್ಲ. ಬ್ಯಾಂಕಿನಿಂದ ತಾನಾಗಿ ಹೋಗುವ ಹಾಗೆ ಮಾಡಿದೆವು.

ಔಷಧಿಗೆ ಪಾರ್ಟ್ ಡಿ. ಇದರಲ್ಲೂ ತಡಕ್ಕೆ ದಂಡ ಇದೆ, ಆದರೆ ಇಲ್ಲಿ ಕೋಬ್ರಾ ನಡೆಯುತ್ತದೆ! ಮೆಡಿಕೇರ್ ಮಟ್ಟಕ್ಕೆ ಸಮನಾದ ಔಷಧಿ ಇನ್ಶೂರೆನ್ಸ್ ಇದ್ದರೆ ಸಾಕು, ಅದು ಕೆಲಸದಿಂದಲೇ ಬರಬೇಕು ಅಂತಿಲ್ಲ. ಒಂದೇ ಸರ್ಕಾರ, ಒಂದೇ ಮೆಡಿಕೇರ್, ಬಿಗೊಂದು ನ್ಯಾಯ, ಡಿಗೊಂದು ನ್ಯಾಯ. ಆ ಸಮನಾದದ್ದು ಎಂಬ ಪತ್ರವನ್ನು ಕಂಪನಿ ಪ್ರತಿ ವರ್ಷ ಅಕ್ಟೋಬರ್ 15ರೊಳಗೆ ಕಳಿಸುತ್ತದೆ. ಹೆಚ್ಚಿನವರು ಕಸಕ್ಕೆ ಹಾಕುತ್ತಾರೆ. ಅಕ್ಕ ಎರಡೂ ವರ್ಷದ್ದನ್ನು ಗ್ಯಾಸ್ ಬಿಲ್ಲಿನ ಫೈಲಿನಲ್ಲಿ ಇಟ್ಟಿದ್ದಳು. ಕೋಬ್ರಾ ಮುಗಿದ ಮರುದಿನದಿಂದಲೇ ಪಾರ್ಟ್ ಡಿ ಶುರುವಾಗುವಂತೆ ಸೇರಿಸಿದೆವು, 63 ದಿನ ಖಾಲಿ ಬಿಟ್ಟರೆ ದಂಡದ ಲೆಕ್ಕ ಶುರುವಾಗುತ್ತದೆ.

ಅಷ್ಟರಲ್ಲಿ ಸೆಪ್ಟೆಂಬರ್ ಬಂತು, ಮುಂದಿನ ವರ್ಷ ಏನೇನು ಬದಲಾಗುತ್ತದೆ ಎಂಬ ಪತ್ರವೂ ಬಂತು. ಪ್ರೀಮಿಯಂ ಏರಿಸಿದ್ದರು, ಮನೆ ಹತ್ತಿರದ ಔಷಧಿ ಅಂಗಡಿಯನ್ನು ಕಡಿಮೆ ದರದ ಪಟ್ಟಿಯಿಂದ ತೆಗೆದಿದ್ದರು. ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಯಾರು ಬೇಕಾದರೂ ಪಾರ್ಟ್ ಡಿ ಬದಲಿಸಬಹುದು. ಮೆಡಿಕೇರ್ ವೆಬ್‌ಸೈಟಿನಲ್ಲಿ ಕ್ಲೋಪಿಡೊಗ್ರೆಲ್, ಅಟೊರ್ವಾಸ್ಟಾಟಿನ್, ಮೆಟೊಪ್ರೊಲಾಲ್ ಅಂತ ಮಾತ್ರೆಗಳ ಹೆಸರು, ಅಂಗಡಿಯ ಹೆಸರು ಹಾಕಿದರೆ ವರ್ಷದ ಒಟ್ಟು ಖರ್ಚಿನ ಪ್ರಕಾರ ಪ್ಲಾನುಗಳು ಸಾಲಾಗಿ ಬರುತ್ತವೆ. ಹೊಸದಕ್ಕೆ ಸೇರಿದರೆ ಹಳೆಯದು ತಾನೇ ರದ್ದಾಗುತ್ತದೆ. ಕಾಫಿ ಆರುವಷ್ಟರಲ್ಲಿ ಮುಗಿಯಿತು. ಅವರದ್ದೆಲ್ಲ ಅಗ್ಗದ ಜೆನೆರಿಕ್ ಮಾತ್ರೆ. ದುಬಾರಿ ಔಷಧಿ ಬೇಕಾದವರಿಗೂ 2026ರಲ್ಲಿ ಪಾರ್ಟ್ ಡಿ ಔಷಧಿಗಳಿಗೆ ಕೈಯಿಂದ ಹೋಗುವುದು 2,100 ಡಾಲರ್ ದಾಟುವುದಿಲ್ಲ.

ಉಳಿದದ್ದು

ಪಾರ್ಟ್ ಬಿ ಬಂದರೂ ಮೊದಲ ಕೆಲವು ಬಿಲ್ಲುಗಳು ವಾಪಸ್ ಬಂದವು. ಮೆಡಿಕೇರ್ ದಾಖಲೆಯಲ್ಲಿ ಭಾವ ಇನ್ನೂ ಕೆಲಸದಲ್ಲಿದ್ದಾರೆ, ಕಂಪನಿಯ ಇನ್ಶೂರೆನ್ಸ್ ಮೊದಲು ಅಂತಲೇ ಇತ್ತು. ಇದು ನಮ್ಮ ಆಫೀಸಿನಲ್ಲಿ ದಿನಾ ಕಾಣುವ ತೊಂದರೆ. ಎರಡು ಇನ್ಶೂರೆನ್ಸುಗಳ ತಾಳೆ ನೋಡಿಕೊಳ್ಳಲು ಮೆಡಿಕೇರ್‌ನ ಪ್ರತ್ಯೇಕ ಕೇಂದ್ರ ಇದೆ. ಭಾವನೇ ಫೋನ್ ಮಾಡಿ ಕೆಲಸ ಮುಗಿದ ದಿನಾಂಕ, ಆಮೇಲೆ ಕೋಬ್ರಾ ಮುಗಿದ ದಿನಾಂಕ ಹೇಳಿದರು. ಡಾಕ್ಟರ ಆಫೀಸಿನವರು ಎಷ್ಟು ಸಲ ಬಿಲ್ಲು ಕಳಿಸಿದರೂ, ಈ ದಾಖಲೆ ತಿದ್ದದೆ ಏನೂ ಮುಂದೆ ಹೋಗುವುದಿಲ್ಲ.

ಮಾರ್ಚಿನ ಆರು ಸಾವಿರ ಚಿಲ್ಲರೆಯಲ್ಲಿ ಹೃದಯದ ಡಾಕ್ಟರ ಆಫೀಸು ಒಂದಷ್ಟು ಕಡಿಮೆ ಮಾಡಿ ಕಂತು ಮಾಡಿಕೊಟ್ಟಿತು. ಎಮರ್ಜೆನ್ಸಿ ಡಾಕ್ಟರುಗಳ ಗುಂಪು ಒಂದು ಡಾಲರೂ ಬಿಡಲಿಲ್ಲ. ಹಳೆಯ ಕಂಪನಿಗೆ ಅದರದೇ ಇಮೇಲ್ ಲಗತ್ತಿಸಿ ಈ ನಷ್ಟ ತುಂಬಿಕೊಡಿ ಅಂತ ಭಾವ ಬರೆದರು. ವಿಷಾದಿಸುತ್ತೇವೆ ಎಂಬ ಉತ್ತರ ಬಂತು, ದುಡ್ಡು ಬರಲಿಲ್ಲ. ವಕೀಲರ ಖರ್ಚು ನೋಡಿ ಭಾವ ಅಲ್ಲಿಗೆ ಬಿಟ್ಟರು. ಕಂತು ಇನ್ನೂ ನಡೆಯುತ್ತಿದೆ.

ಇನ್ನು ಬಾಕಿ ಇರುವುದು ಅಕ್ಕನದು. ಅವಳ ಕೋಬ್ರಾ 2026ರ ಜುಲೈ 31ಕ್ಕೆ ಮುಗಿಯುತ್ತದೆ. ಆಗಸ್ಟ್ 1ರಿಂದ ಮಾರ್ಕೆಟ್‌ಪ್ಲೇಸ್ ಪ್ಲಾನ್ ಬೇಕಾದರೆ ಜುಲೈ ಮುಗಿಯುವುದರೊಳಗೆ ಅರ್ಜಿ ಹಾಕಬೇಕು. 2027ರ ಏಪ್ರಿಲ್‌ನಲ್ಲಿ ಅವಳಿಗೆ 65. ಸ್ವಂತ ಕ್ವಾರ್ಟರ್ ಸಾಕಷ್ಟಿಲ್ಲ, ಆದರೆ ಭಾವನ ಕೆಲಸದ ಲೆಕ್ಕದಲ್ಲೇ ಪಾರ್ಟ್ ಎ ಸಿಗುತ್ತದೆ. ಜನವರಿಯಿಂದ ಮಾರ್ಚ್ ಒಳಗೆ ಎ, ಬಿ ಎರಡಕ್ಕೂ ಒಟ್ಟಿಗೆ ಅರ್ಜಿ ಹಾಕಿದರೆ ಏಪ್ರಿಲ್ 1ರಿಂದ ಎರಡೂ ಶುರು, ಆ ದಿನಕ್ಕೆ ಸರಿಯಾಗಿ ಮಾರ್ಕೆಟ್‌ಪ್ಲೇಸ್ ಪ್ಲಾನನ್ನು ಅವಳೇ ರದ್ದು ಮಾಡಬೇಕು, ಅದು ತಾನಾಗಿ ನಿಲ್ಲುವುದಿಲ್ಲ.